ಅಡ್ಡಹೆಸರಿನ ಫೈಲುಗಳು

ಮಾವನಿಗೆ ಯಾರ ಹೆಸರೂ ನೆನಪಿರುತ್ತಿರಲಿಲ್ಲ. ಮರದ ಚೂರನ್ನು ಮೂಸಿ ಇದು ಇಂಥ ಮರ ಎಂದು ಹೇಳುವ ಬಡಗಿ, ಎಂದೋ ಕೂರಿಸಿದ ಬಾಗಿಲು ಯಾವ ಕಡೆಗೆ ತೆರೆದುಕೊಳ್ಳುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುವ ಬಡಗಿ, ಆ ಮನೆಯವರ ಹೆಸರೇನು ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದರು. "ಅದೇ, ಗಿಳಿ ಸಾಕಿದಾರಲ್ಲ, ಅವರು" ಅನ್ನುತ್ತಿದ್ದರು. ಅಲ್ಲಿಗೆ ಅವರು ಗಿಳಿಮನೆಯವರಾದರು. ಅಡಿಗೆಮನೆಯ ಕಪಾಟು ಮಾಡಿಸಲು ಬಂದವರೆಲ್ಲ ಹೀಗೆ ಒಂದೊಂದು ಹೊಸ ಹೆಸರು ಇಡಿಸಿಕೊಂಡೇ ಹೋಗುತ್ತಿದ್ದರು. ಕಪಾಟಿನ ಬಣ್ಣವನ್ನು ಬದಲಾಯಿಸುತ್ತಲೇ ಇದ್ದ ಹೆಂಗಸಿಗೆ 'ದಿನಕ್ಕೊಂದು ಬಣ್ಣ' ಎಂದಾಯಿತು. ಏನು ಕೇಳಿದರೂ ಹ್ಞೂಂ ಎಂದು ಮುಗಿಸುವ ನಿವೃತ್ತ ಅಧಿಕಾರಿ 'ಹ್ಞೂಂ ಸಾಹೇಬ್ರು' ಆದರು. ಹೆಸರು ಇಡಿಸಿಕೊಂಡವರಿಗೆ ಮಾತ್ರ ಅದು ಗೊತ್ತಿರುತ್ತಿರಲಿಲ್ಲ.

ಈ ಹೆಸರುಗಳೆಲ್ಲ ಹುಟ್ಟುತ್ತಿದ್ದುದು ಊಟದ ಮೇಜಿನ ಮೇಲೆ. ಅತ್ತೆಗೆ ಮಂಡಿ ನೋವು. ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹೊರಗೆ ಕಾಲಿಡುವುದೆಂದರೆ ಆಸ್ಪತ್ರೆಗೆ ಹೋಗುವಾಗ ಮಾತ್ರ. ಹಾಗಾಗಿ ಸಂಜೆ ಗಂಡ ಕೈಕಾಲು ತೊಳೆದು ತಟ್ಟೆಯ ಮುಂದೆ ಕೂರುವುದನ್ನೇ ಕಾಯುತ್ತಿದ್ದರು. "ಹೂಂ, ಹೇಳಿ, ಇವತ್ತು ಯಾರ ಮನೆ?" ಮಾವ ಅನ್ನ ಕಲಸುತ್ತ ಆ ಮನೆಯ ಅಡಿಗೆಮನೆಯಲ್ಲಿ ಏನೇನಿತ್ತು, ಗಂಡ ಹೆಂಡತಿ ಯಾವುದಕ್ಕೆ ಕಚ್ಚಾಡಿದರು, ಡಬ್ಬಿಗಳಲ್ಲಿ ಹುಳ ಬಿದ್ದಿತ್ತೋ ಇಲ್ಲವೋ ಎಲ್ಲವನ್ನೂ ನಟನೆ ಮಾಡಿ ಹೇಳುತ್ತಿದ್ದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಮಗ ಮಾತ್ರ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವನು. ಅಲ್ಲಿನ ಒಂದು ಮಾತನ್ನೂ ಮನೆಗೆ ತರುವವನಲ್ಲ.

ಸೊಸೆ ಈ ಮನೆಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಅಡಿಗೆಮನೆಗಳ ಚಿತ್ರ ಬರೆಯುವುದನ್ನು ಕಲಿತಳು. ಅದಕ್ಕೂ ಮೊದಲು ಮಾವ ಪ್ಲೈವುಡ್ ಚೂರಿನ ಮೇಲೆ ಪೆನ್ಸಿಲಿನಲ್ಲಿ ಗೀಚಿ ಗಿರಾಕಿಗಳಿಗೆ ತೋರಿಸುತ್ತಿದ್ದರು. ಅದು ಅಲಮಾರೋ ಕೋಳಿಗೂಡೋ ತಿಳಿಯುತ್ತಿರಲಿಲ್ಲ. ಕಂಪ್ಯೂಟರ್ ತರಿಸುವುದಕ್ಕೆ ಸೊಸೆ ಗಂಡನ ಬೆನ್ನು ಹತ್ತಿ, ಅತ್ತೆಯನ್ನು ಒಲಿಸಿ, ಮಾವನ ಎದುರು ಎಷ್ಟು ಸಲ ಬಾಯಿ ತೆರೆದು ಮುಚ್ಚಿದ್ದಳೋ! ಕೊನೆಗೆ ಮಾವ, "ತರಿಸು, ನೋಡೋಣ" ಅಂದಿದ್ದರು. ಈಗ ಹಾಲ್‌ನ ಮೂಲೆಯ ಆ ಮೇಜು ಅವಳದು. ಮದುವೆಯಾಗಿ ಬಂದ ಮನೆಯಲ್ಲಿ ಇದು ನನ್ನದು ಎಂದು ಅವಳು ಬೆರಳು ಮಾಡಿ ತೋರಿಸಬಹುದಾದ ಜಾಗ ಅದೊಂದೇ. ಗಿರಾಕಿಗಳು ತಮ್ಮ ಮನೆಯಲ್ಲೇ ಕೂತು ವೀಡಿಯೊ ಕರೆಯಲ್ಲಿ ಬರುತ್ತಿದ್ದರು. ಇವಳು ತನ್ನ ಸ್ಕ್ರೀನನ್ನು ಅವರಿಗೆ ತೋರಿಸುತ್ತ, "ಇಲ್ಲಿ ಡ್ರಾಯರು, ಇಲ್ಲಿ ಸಿಂಕು" ಎಂದು ವಿವರಿಸುತ್ತಿದ್ದಳು.

ಫೈಲುಗಳಿಗೆ ಅವಳು ಮೊದಮೊದಲು ಗಿರಾಕಿಗಳ ನಿಜವಾದ ಹೆಸರನ್ನೇ ಕೊಟ್ಟಿದ್ದಳು. ಮಾವ ಕೆಲಸದ ಜಾಗದಿಂದ ಫೋನ್ ಮಾಡಿ, "ಗಿಳಿಮನೆ ಬಾಗಿಲಿನ ಅಗಲ ಎಷ್ಟು?" ಎಂದು ಕೇಳಿದರೆ ತಡಕಾಡಬೇಕಾಗುತ್ತಿತ್ತು. ಬೇಡಪ್ಪ ಈ ಗೋಳು ಎಂದು ಮಾವ ಇಟ್ಟ ಹೆಸರುಗಳನ್ನೇ ಫೈಲಿಗೂ ಹಾಕಿದಳು. ಕೆಲಸ ಸರಾಗವಾಯಿತು. ಗಿರಾಕಿಗೆ ಸ್ಕ್ರೀನ್ ತೋರಿಸುವಾಗ ಚಿತ್ರದ ವಿಂಡೋ ಒಂದನ್ನೇ ತೋರಿಸುತ್ತಿದ್ದಳು, ಉಳಿದದ್ದು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಅಷ್ಟು ಹುಷಾರು ಅವಳಿಗಿತ್ತು.

ಒಂದು ದಿನ ಮಾವ ನಿವೃತ್ತ ಟೀಚರ್ ಒಬ್ಬರ ಮನೆಗೆ ಅಳತೆ ತೆಗೆಯಲು ಹೋಗಿ ಬಂದರು. ಟೀಚರ್ ಗಂಡ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಆ ಮನೆಯಲ್ಲಿ ಅಡಿಗೆ ಮಾಡುತ್ತಿದ್ದವರು ಆ ಯಜಮಾನರೇ. ಆರಡಿಗೂ ಮೇಲಿದ್ದ ಮನುಷ್ಯ, ಕಟ್ಟೆ, ಶೆಲ್ಫು, ಎಲ್ಲವನ್ನೂ ತಮ್ಮ ಎತ್ತರಕ್ಕೇ ಮಾಡಿಸಿಕೊಂಡಿದ್ದರು. ಟೀಚರ್ ಗಿಡ್ಡ. ಉಪ್ಪಿನ ಡಬ್ಬಿ ತೆಗೆಯುವುದಕ್ಕೂ ಕುರ್ಚಿ ಹತ್ತಬೇಕು. ಎಲ್ಲವನ್ನೂ ಕೆಳಕ್ಕೆ ಇಳಿಸಿಕೊಡಿ ಎಂದು ಕರೆಸಿದ್ದರು.

"ಕಟ್ಟೆ ಪಕ್ಕ ನಿಲ್ಲಿಸಿ ಟೇಪು ಹಿಡಿದಿದ್ದೇ ತಡ, ಗಳಗಳ ಅಂತ ಅಳೋಕೆ ಶುರು ಮಾಡಿದ್ರು ನೋಡು" ಎಂದು ಮಾವ ಊಟದ ನಡುವೆ ಹೇಳಿದರು. "ಒಂದು ಶೆಲ್ಫ್ ಅಳತೆಗೆ ಒಂದು ಅಳು, ಇನ್ನೊಂದು ಶೆಲ್ಫಿಗೆ ಇನ್ನೊಂದು. ಅಳುಬುರುಕಿ ಟೀಚರ್!"

ಅತ್ತೆ ನಕ್ಕರು. ಸೊಸೆಯೂ ನಕ್ಕಳು. ಮರುದಿನ ಫೈಲು ತೆರೆದು ಅದೇ ಹೆಸರು ಹಾಕಿದಳು.

ಮುಂದಿನ ವಾರ ಟೀಚರ್ ವೀಡಿಯೊ ಕರೆಯಲ್ಲಿ ಬಂದರು. ಎಲ್ಲ ಚೆನ್ನಾಗಿಯೇ ನಡೆದಿತ್ತು. ನಡುವೆ ಅವರು, "ಮೊದಲು ಒಂದು ಚಿತ್ರ ಕಳಿಸಿದ್ದೆಯಲ್ಲಮ್ಮ, ಎಡಗಡೆ ಶೆಲ್ಫ್ ಇರೋದು, ಅದನ್ನ ಒಂದ್ಸಲ ತೋರಿಸ್ತೀಯಾ?" ಎಂದು ಕೇಳಿದರು. ಅದು ಬೇರೆ ಫೈಲಿನಲ್ಲಿತ್ತು. ಇದನ್ನು ನಿಲ್ಲಿಸಿ, ಅದನ್ನು ತೆರೆದು, ಮತ್ತೆ ಹೊಸದಾಗಿ ತೋರಿಸಬೇಕು. ಒಲೆಯ ಮೇಲೆ ಹಾಲು ಬೇರೆ ಇತ್ತು. ಒಂದು ನಿಮಿಷಕ್ಕೆ ಏನಾಗುತ್ತೆ ಎಂದು ಸೊಸೆ ಇಡೀ ಸ್ಕ್ರೀನನ್ನೇ ತೋರಿಸಿ ಫೈಲುಗಳ ಪಟ್ಟಿ ತೆರೆದಳು.

ಬರೆದದ್ದು ಕಂಡರೆ ಓದಿಬಿಡುವುದು ಟೀಚರುಗಳ ಅಭ್ಯಾಸ. ಕನ್ನಡಕ ಮೂಗಿಗೇರಿಸಿ, ಕ್ಲಾಸಿನಲ್ಲಿ ಹಾಜರಿ ಕರೆಯುವ ಹಾಗೆ ಅವರು ಗಟ್ಟಿಯಾಗಿ ಓದತೊಡಗಿದರು. "ಗಿಳಿಮನೆ... ದಿನಕ್ಕೊಂದು ಬಣ್ಣ... ಹ್ಞೂಂ ಸಾಹೇಬ್ರು..." ಅಷ್ಟರಲ್ಲಿ ಅವರಿಗೇ ನಗು ಬಂತು. "ಚೆನ್ನಾಗಿದೆ ಕಣಮ್ಮ! ಅಳುಬುರುಕಿ ಟೀ..."

ಅಲ್ಲಿಗೆ ನಿಂತಿತು. ಸೊಸೆಯ ಕೈ ಮೌಸಿನ ಮೇಲೆಯೇ ಇತ್ತು. ಮುಚ್ಚುವುದೋ ಬಿಡುವುದೋ ತೋಚಲಿಲ್ಲ. ಪಕ್ಕದಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿದರು.

"ಎಡಗಡೆ ಶೆಲ್ಫ್ ಇರೋದೇ ಇರಲಿ" ಅಂದರು ಟೀಚರ್, ತಣ್ಣಗೆ. "ಬೇರೆ ಏನೂ ತೋರಿಸೋದು ಬೇಡ."

ಕರೆ ಕಡಿದುಹೋಯಿತು. ಒಲೆಯ ಮೇಲಿನ ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು.

ಆ ಸಂಜೆ ಮೇಜಿನ ಮೇಲೆ ಊಟಕ್ಕಿಂತ ಮಾತೇ ಜಾಸ್ತಿಯಾಯಿತು.

"ಅಲ್ಲಮ್ಮ, ನಾನು ಬಾಯಲ್ಲಿ ಏನೋ ಅಂದೆ. ಅದನ್ನ ಬರೆದಿಡು ಅಂತ ಹೇಳಿದ್ನಾ?" ಎಂದು ಮಾವ ಕೇಳಿದರು.

"ನೀವು ಫೋನಲ್ಲಿ ಬೇರೆ ಹೆಸರು ಹೇಳ್ತಾನೇ ಇರಲಿಲ್ಲವಲ್ಲ ಮಾವ."

"ಹೇಳಲಿಲ್ಲ ಅಂದ್ರೆ? ಊರಿಗೆಲ್ಲ ಸಿನಿಮಾ ತೋರಿಸೋದಾ?"

"ಅಂದೋರು ನೀವು, ಬರೆದೋಳು ಇವಳು, ನಕ್ಕೋಳು ನಾನು" ಎಂದು ಅತ್ತೆ ಪಲ್ಯ ಬಡಿಸುತ್ತ ಹೇಳಿದರು. "ಮೂರು ಜನಕ್ಕೂ ಸಮಪಾಲು. ಇವಳೊಬ್ಬಳ ಮೇಲೆ ಹಾರಾಡಬೇಡಿ."

ಮಗ ಅಪರೂಪಕ್ಕೆ ಬಾಯಿಬಿಟ್ಟ. "ನಾನು ದಿನಾ ಎಷ್ಟು ಜನರ ರಕ್ತ ನೋಡ್ತೀನಿ. ಇಲ್ಲಿ ಒಬ್ಬರ ವಿಷಯ ಆದ್ರೂ ಎತ್ತಿದೀನಾ?"

"ಇಲ್ಲಪ್ಪ, ಎತ್ತಿಲ್ಲ" ಎಂದರು ಅತ್ತೆ. "ನಿನ್ನ ಜೊತೆ ಊಟಕ್ಕೆ ಕೂರೋದೂ ಒಂದೇ, ಗೋಡೆ ಜೊತೆ ಕೂರೋದೂ ಒಂದೇ."

ಸೊಸೆಗೆ ನಗಲು ಮನಸ್ಸಾಗಲಿಲ್ಲ. ಟೀಚರಿಗೆ ಫೋನ್ ಮಾಡಿದಳು, ಅವರು ಎತ್ತಲಿಲ್ಲ. ಕೂತು ಎಲ್ಲ ಫೈಲುಗಳ ಹೆಸರನ್ನೂ ಅಳಿಸಿ ಬರೀ ಮನೆ ನಂಬರು ಹಾಕಿದಳು. ಇನ್ನು ಮುಂದೆ ಯಾರು ಓದಿದರೂ ಯಾರಿಗೂ ನೋವಾಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಆದರೆ ಎಡವಟ್ಟು ಅಲ್ಲಿಯೇ ಕಾದಿತ್ತು. ಗಿಳಿಮನೆಯದೂ ಇಪ್ಪತ್ತೆರಡನೇ ನಂಬರು, ಬೇರೆ ಬೀದಿಯಲ್ಲಿದ್ದ ಹ್ಞೂಂ ಸಾಹೇಬರದೂ ಇಪ್ಪತ್ತೆರಡು. ಮಾವ ಫೋನಿನಲ್ಲಿ ಸಾಹೇಬರ ಮನೆಯ ಅಳತೆ ಕೇಳಿದರು, ಸೊಸೆ ತಪ್ಪು ಇಪ್ಪತ್ತೆರಡನ್ನು ತೆರೆದು ಗಿಳಿಮನೆಯ ಅಳತೆ ಓದಿ ಹೇಳಿದಳು. ಮಾವ ಬಾಗಿಲುಗಳನ್ನು ಕೊಯ್ದು, ಬಣ್ಣ ಹೊಡೆದು, ಸಾಹೇಬರ ಅಡಿಗೆಮನೆಗೆ ಹೊತ್ತುಕೊಂಡು ಹೋದರು. ಒಂದು ಬಾಗಿಲು ಗೇಣುದ್ದ ಹೊರಗೆ ಚಾಚಿಕೊಂಡಿತು. "ಹೀಗೇನಾ ಸಾರ್ ಬೇಕಿದ್ದದ್ದು?" ಎಂದು ಅನುಮಾನದಿಂದ ಕೇಳಿದರೆ, ಸಾಹೇಬರು ಪೇಪರಿನಿಂದ ತಲೆ ಎತ್ತದೆ ಹ್ಞೂಂ ಅಂದರು. ಮೂರನೇ ಬಾಗಿಲು ಕೂರಿಸುವ ಹೊತ್ತಿಗೆ ಸಾಹೇಬರ ಹೆಂಡತಿ ಬಂದು ಚೀರಿಕೊಂಡರು.

ಮಾವ ಮನೆಗೆ ಬಂದು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಒಂದು ಹಳೇ ಬೆಡ್‌ಶೀಟ್ ತಂದು ಕಂಪ್ಯೂಟರಿನ ಮೇಲೆ ಹೊದಿಸಿದರು. "ಬೇಡಮ್ಮ, ಸಾಕು. ಪೆನ್ಸಿಲ್ ಹಿಡಿದೇ ಇಷ್ಟು ವರ್ಷ ಮನೆ ನಡೆಸಿದೀನಿ. ನೀನು ಹಾಯಾಗಿರು."

ಹಾಯಾಗಿರು ಅಂದರೆ ಏನು ಎಂದು ಸೊಸೆಗೆ ಗೊತ್ತಿತ್ತು. ಬೆಳಿಗ್ಗೆ ತಿಂಡಿ, ಆಮೇಲೆ ಪಾತ್ರೆ, ಆಮೇಲೆ ಬಟ್ಟೆ, ಆಮೇಲೆ ಕಿಟಕಿಯಿಂದ ಬೀದಿ ನೋಡುವುದು. ಮೂಲೆಯ ಮೇಜಿನ ಕಡೆ ನೋಡಿದರೆ ಬೆಡ್‌ಶೀಟ್ ಹೊದ್ದ ಕಂಪ್ಯೂಟರು ಯಾರೋ ಮುಸುಕೆಳೆದು ಮಲಗಿದ ಹಾಗೆ ಕಾಣುತ್ತಿತ್ತು. ಅವಳಿಗೆ ಅಳು ಬರುತ್ತಿತ್ತು. ಅತ್ತರೆ ತನಗೇನು ಹೆಸರಿಡುತ್ತಾರೋ ಎಂದು ನುಂಗಿಕೊಳ್ಳುತ್ತಿದ್ದಳು.

ಗಂಡನಿಗೆ ಹೇಳಿದಳು. "ಸ್ವಲ್ಪ ದಿನ ಬಿಡು, ಅಪ್ಪನ ಸಿಟ್ಟು ಇಳಿಯುತ್ತೆ" ಅಂದ. "ಸಿಟ್ಟಾಗಿದ್ರೆ ಇಳಿಯೋದು. ನಿಮ್ಮಪ್ಪ ಸಿಟ್ಟೇ ಮಾಡ್ಕೊಂಡಿಲ್ಲವಲ್ಲ" ಅಂದಳು.

ಬದಲಾದದ್ದು ಅದೊಂದೇ ಅಲ್ಲ. ಮಾವ ಊಟದ ಹೊತ್ತಿನಲ್ಲಿ ಮಾತು ನಿಲ್ಲಿಸಿದ್ದರು. ಅತ್ತೆ, "ಇವತ್ತು ಯಾರ ಮನೆ?" ಎಂದು ಕೇಳಿದರೆ, "ಯಾರದೋ" ಅನ್ನುತ್ತಿದ್ದರು. "ಏನು ಮಾಡಿಸ್ತಾರಂತೆ?" "ಕಪಾಟು." ಅಷ್ಟೇ. ಮೂರು ಮಹಡಿ ಇಳಿಯಲಾರದ ಅತ್ತೆಗೆ ಊರೇ ಬಾಗಿಲು ಹಾಕಿಕೊಂಡಂತಾಯಿತು. ಒಂದು ದಿನ ತಡೆಯಲಾರದೆ, "ಆ ಗಿಳಿ ಆದ್ರೂ ಬದುಕಿದೆಯಾ ಹೇಳ್ರೀ!" ಎಂದು ತಟ್ಟೆ ಸರಿಸಿ ಎದ್ದುಹೋದರು.

ಟೀಚರ್ ಕೆಲಸ ಬಿಡಿಸಲಿಲ್ಲ. ಆದರೆ ಮಾವ ಕೆಲಸಕ್ಕೆ ಹೋದಾಗೆಲ್ಲ ಅವರ ಮನೆಗೆ ಬೀಗ. ಬೀಗದ ಕೈ ಪಕ್ಕದ ಮನೆಯಲ್ಲಿ. ಇವರು ಹೋಗುವ ಮೊದಲೇ ಅವರು ಹೊರಟುಬಿಡುತ್ತಿದ್ದರು, ಇವರು ಕೆಲಸ ಮುಗಿಸಿ ಹೊರಟ ಮೇಲೆ ಮನೆಗೆ ಮರಳುತ್ತಿದ್ದರು. ಮೊದಲ ದಿನ ಚಹಾ ಮಾಡಿಕೊಟ್ಟು ಪಕ್ಕದಲ್ಲೇ ನಿಂತು ಮಾತಾಡಿದ್ದ ಹೆಂಗಸು ಈಗ ತಮ್ಮ ಮನೆಯಲ್ಲಿ ತಾವೇ ಇರುತ್ತಿರಲಿಲ್ಲ. ಮಾವ ಇದನ್ನೂ ಹೇಳಲಿಲ್ಲ. ಸೊಸೆಗೆ ಗೊತ್ತಾದದ್ದು ಶೆಲ್ಫುಗಳನ್ನು ಕೂರಿಸುವ ದಿನ. ಉದ್ದದ ಹಲಗೆಯ ಇನ್ನೊಂದು ತುದಿ ಹಿಡಿಯಲು ಜನ ಬೇಕಾಗಿತ್ತು. ಮಗನಿಗೆ ಡ್ಯೂಟಿ ಇತ್ತು. "ನಾನು ಬರ್ತೀನಿ ಮಾವ" ಅಂದಳು. ಮಾವ ಬೇಡ ಅನ್ನಲಿಲ್ಲ.

ಟೀಚರ್ ಅಡಿಗೆಮನೆ ಚಿಕ್ಕದು, ಬೆಳಕಿನದು. ಹಳೆಯ ಶೆಲ್ಫುಗಳನ್ನು ಕಿತ್ತ ಗುರುತು ಗೋಡೆಯ ಮೇಲೆ, ತಲೆಗಿಂತ ಎಷ್ಟೋ ಎತ್ತರದಲ್ಲಿ ಸಾಲಾಗಿ ಉಳಿದಿತ್ತು. ಹೊಸವು ಅದಕ್ಕಿಂತ ತುಂಬ ಕೆಳಗೆ. ಇಬ್ಬರೂ ಸೇರಿ ಹಲಗೆಗಳನ್ನು ಕೂರಿಸಿದರು. ಕಪಾಟಿನ ಕೊನೆಯ ಬಾಗಿಲಿಗೆ ಎರಡು ಕೀಲು ಕಡಿಮೆ ಬಿತ್ತು. ಮಾವ ತರಲು ಅಂಗಡಿಗೆ ಹೋದರು. ಸೊಸೆ ಮರದ ಪುಡಿ ಗುಡಿಸುತ್ತಿದ್ದಳು. ಕೆಲಸ ಮುಗಿದಿರಬೇಕು ಎಂದುಕೊಂಡ ಟೀಚರ್ ತರಕಾರಿ ಚೀಲ ಹಿಡಿದು ಒಳಗೆ ಬಂದರು.

ಪೊರಕೆ ಹಿಡಿದುಕೊಂಡೇ ಸೊಸೆ ಹೇಳಿದಳು, "ಟೀಚರ್, ತಪ್ಪಾಯ್ತು. ಫೋನ್ ಮಾಡಿದ್ದೆ, ನೀವು ಎತ್ತಲಿಲ್ಲ. ಅದನ್ನ ಬರೆದೋಳು ನಾನೇ."

ಟೀಚರ್ ಚೀಲ ಕೆಳಗಿಟ್ಟರು. ಕೈ ಎತ್ತಿ ಮೇಲಿನ ಶೆಲ್ಫ್ ಮುಟ್ಟಿ ನೋಡಿದರು. ಸಲೀಸಾಗಿ ಸಿಕ್ಕಿತು.

"ಅಡ್ಡಹೆಸರಿಗೆ ಬೇಜಾರು ಮಾಡ್ಕೊಳ್ಳೋಳಲ್ಲಮ್ಮ ನಾನು. ಎಷ್ಟು ಮಕ್ಕಳಿಗೆ ನಾನೇ ಇಟ್ಟಿಲ್ಲ! ಸ್ಟಾಫ್ ರೂಮಲ್ಲಿ ಹೇಳ್ಕೊಂಡು ನಕ್ಕಿಲ್ವಾ! ಆದ್ರೆ ಅವತ್ತು ಈ ಅಡಿಗೆಮನೇಲಿ ಅತ್ತಿದ್ದು ಇಬ್ಬರು. ಹೆಸರು ನನ್ನೊಬ್ಬಳಿಗೇ ಯಾಕಮ್ಮ ಇಟ್ರಿ?"

"ಇಬ್ಬರು ಅಂದ್ರೆ?"

"ನಿಮ್ಮ ಮಾವನೂ ಅತ್ತರು. ಆ ಸ್ಟೂಲ್ ಮೇಲೆ ಕೂತು. ನಾನೇ ನೀರು ಕೊಟ್ಟೆ." ಟೀಚರ್ ತರಕಾರಿ ತೆಗೆದು ಕಟ್ಟೆಯ ಮೇಲೆ ಜೋಡಿಸತೊಡಗಿದರು. "ಕಷ್ಟ ಗೊತ್ತಿರೋ ಮನುಷ್ಯ ಅಂದ್ಕೊಂಡಿದ್ದೆ. ಆಮೇಲೆ ನೋಡಿದ್ರೆ ನನ್ನ ಅಳುವನ್ನ ಮಾತ್ರ ಮನೆಗೆ ತಗೊಂಡು ಹೋಗಿದಾರೆ."

"ಮಾವ ಯಾಕೆ..." ಎಂದು ಸೊಸೆ ಬಾಯಿ ತೆರೆದಳು.

"ಅದನ್ನ ಅವರನ್ನೇ ಕೇಳು. ನನ್ನ ಹತ್ತಿರ ಹೇಳ್ಕೊಂಡಿದ್ದು ನನ್ನ ಹತ್ತಿರ ಇರುತ್ತೆ."

ಬಾಗಿಲ ಬಳಿ ಚಪ್ಪಲಿ ಸದ್ದಾಯಿತು. ಕೀಲಿನ ಪೊಟ್ಟಣ ಹಿಡಿದು ನಿಂತ ಮಾವ ಟೀಚರನ್ನು ನೋಡಿ, ಸೊಸೆಯನ್ನು ನೋಡಿ, ತಲೆ ತಗ್ಗಿಸಿ ಕೊನೆಯ ಬಾಗಿಲಿನ ಮುಂದೆ ಕೂತರು. ಟೀಚರ್ ಹಾಲ್‌ಗೆ ಹೋಗಿ ಟೀವಿ ಹಾಕಿಕೊಂಡರು.

ಮನೆಗೆ ಬರುವ ದಾರಿಯುದ್ದಕ್ಕೂ ವ್ಯಾನಿನಲ್ಲಿ ಸೊಸೆಯ ತಲೆಯಲ್ಲಿ ಒಂದೇ ಮಾತು. ಮಾವ ಅತ್ತದ್ದನ್ನು ಅವಳಂತೂ ಕಂಡವಳಲ್ಲ. ತಮ್ಮ ತಂದೆ ತೀರಿಕೊಂಡಾಗಲೂ ಅತ್ತಿರಲಿಲ್ಲವಂತೆ. ಅತ್ತೆಗೆ ಇದು ಗೊತ್ತಿಲ್ಲ. ಊಟದ ಹೊತ್ತಿನಲ್ಲಿ ಇದೊಂದು ಮಾತು ಮೇಜಿನ ಮೇಲೆ ಬಿದ್ದರೆ ಸಾಕು, ಮಾವನ ಬಾಯಿ ಕಟ್ಟಿಹೋಗುತ್ತದೆ. ಅಂದವರು ನೀವೇ, ಅತ್ತವರೂ ನೀವೇ, ಕಂಪ್ಯೂಟರಿಗೆ ಮಾತ್ರ ಯಾಕೆ ಶಿಕ್ಷೆ ಎಂದು ಕೇಳಿದರೆ ಏನು ಹೇಳುತ್ತಾರೆ? ನಾಳೆ ಬೆಳಿಗ್ಗೆಯೇ ಬೆಡ್‌ಶೀಟ್ ತೆಗೆಯಬೇಕಾಗುತ್ತದೆ. ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಪಕ್ಕದಲ್ಲಿ ಮಾವ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ರಸ್ತೆಯನ್ನೇ ನೋಡುತ್ತಿದ್ದರು. ಕೈ ಮೇಲೆಲ್ಲ ಮರದ ಪುಡಿ.

ಅನ್ನ, ಮೊಟ್ಟೆ, ಬಟಾಣಿ ಪಲ್ಯ. ನಾಲ್ವರೂ ಕೂತರು. ಅತ್ತೆಗೆ ಗಂಡನಿಂದ ಏನೂ ಹೊರಡುವುದಿಲ್ಲ ಎಂದು ಗೊತ್ತಿದ್ದರಿಂದ ನೇರವಾಗಿ ಸೊಸೆಗೇ ಗಂಟುಬಿದ್ದರು.

"ಟೀಚರ್ ಸಿಕ್ಕಿದ್ರಾ? ಏನಂದ್ರು? ಬೈದ್ರಾ?"

ಮಾವನ ಕೈ ತಟ್ಟೆಯಲ್ಲಿ ನಿಂತಿತು. ಮಗನೂ ತಲೆ ಎತ್ತಿದ.

"ಬೈಲಿಲ್ಲ ಅತ್ತೆ" ಅಂದಳು ಸೊಸೆ. "ಮೇಲಿನ ಶೆಲ್ಫ್ ಕೈಗೆ ಸಿಕ್ಕಿತು ಅವರಿಗೆ."

"ಅಷ್ಟೇನಾ? ಅಷ್ಟೊತ್ತು ಅಲ್ಲೇ ಇದ್ದೆ, ಇನ್ನೇನೂ ಹೇಳಲಿಲ್ವಾ?"

"ಇಲ್ಲ ಅತ್ತೆ. ಇನ್ನೇನೂ ಇಲ್ಲ."

ಅತ್ತೆ ನಿಟ್ಟುಸಿರು ಬಿಟ್ಟರು. "ಸರಿ ಬಿಡು, ನೀನೂ ಗೋಡೆ ಪಕ್ಷ ಸೇರಿಬಿಟ್ಟೆ."

ಮಾವ ಸೊಸೆಯ ಕಡೆ ನೋಡಿದರು. ಅವಳು ಪಲ್ಯದ ಬಟ್ಟಲನ್ನು ಅವರ ಕಡೆ ಸರಿಸಿದಳು. ಅವಳ ಮುಖ ನೋಡಿಯೇ ಅವರಿಗೆ ಎಲ್ಲ ತಿಳಿದುಹೋಯಿತು. ಸ್ವಲ್ಪ ಹೊತ್ತು ಬಟಾಣಿಯನ್ನು ಬೆರಳಿನಿಂದ ಅತ್ತಿಂದಿತ್ತ ಉರುಳಿಸುತ್ತ ಕೂತಿದ್ದರು. ಆಮೇಲೆ ತಟ್ಟೆಗೇ ಹೇಳುವ ಹಾಗೆ ಹೇಳಿದರು.

"ಅವತ್ತು ಟೀಚರ್ ಒಬ್ಬರೇ ಅಳಲಿಲ್ಲ. ನಾನೂ ಅತ್ತಿದ್ದೆ."

"ಯಾರು?" ಅಂದರು ಅತ್ತೆ.

"ನಾನು."

"ನೀವಾ? ಯಾಕೆ, ಕೈಗೆ ಸುತ್ತಿಗೆ ಏಟು ಬಿತ್ತಾ?"

"ಇಲ್ಲ. ಅವರ ಅಳತೆ ತಗೋತಾ ಇದ್ದೆ. ಕಂಡ ಕಂಡ ಹೆಂಗಸರಿಗೆಲ್ಲ ಕಟ್ಟೆ ಇಷ್ಟೇ ಎತ್ತರ ಇರಬೇಕು, ಶೆಲ್ಫ್ ಇಷ್ಟೇ ಮೇಲಿರಬೇಕು ಅಂತ ಹೇಳ್ತೀನಿ. ನಿನ್ನ ಎತ್ತರ ಎಷ್ಟು ಅಂತ ನಂಗೆ ಗೊತ್ತೇ ಇಲ್ಲ ಅಂತ ಹೊಳೀತು. ಒಂದು ಸಲನೂ ಅಳೆದಿಲ್ಲ. ಅಷ್ಟೇ, ತಡೆಯೋಕಾಗಲಿಲ್ಲ, ಅಲ್ಲೇ ಕೂತುಬಿಟ್ಟೆ. ಮನೆಗೆ ಬಂದು ನಂದು ಹೇಳೋಕೆ ನಾಚಿಕೆ ಆಯ್ತು. ಅವರದು ಹೇಳಿ ನಗಿಸಿದೆ."

ಅತ್ತೆ ಗಂಡನ ಮುಖವನ್ನೇ ನೋಡುತ್ತಿದ್ದರು.

"ಅಲ್ರೀ, ಅವರ ಯಜಮಾನರು ಹೋಗಿದ್ದರು, ಅವರು ಅತ್ತರು. ನಾನಿನ್ನೂ ಇಲ್ಲೇ ಇದ್ದೀನಲ್ರೀ!"

"ಇದ್ದೀಯ" ಅಂದರು ಮಾವ. "ಅದಕ್ಕೇ ಅತ್ತಿದ್ದು."

ಅತ್ತೆಯ ಸೆರಗು ಬಾಯಿಗೆ ಹೋಯಿತು, ನಗುವುದಕ್ಕಲ್ಲ. ಮಗ ಎದ್ದು ಅಮ್ಮನಿಗೆ ನೀರು ತಂದುಕೊಟ್ಟ.

"ನಾಳೆ ಟೀಚರ್ ಮನೆಗೆ ಹೋಗಿ ತಪ್ಪಾಯ್ತು ಅಂತ ಹೇಳಿ ಬರ್ತೀನಿ" ಎಂದರು ಮಾವ, ಮತ್ತೆ ಅನ್ನ ಕಲಸುತ್ತ. ಆಮೇಲೆ ಸೊಸೆಯ ಕಡೆ ತಿರುಗಿದರು. "ನೀನು ಆ ಬೆಡ್‌ಶೀಟ್ ತೆಗೆದು ಒಗೆಯೋಕೆ ಹಾಕಮ್ಮ. ನನ್ನ ಪೆನ್ಸಿಲ್ ಚಿತ್ರ ನೋಡಿ ನಂಗೇ ಏನೂ ಅರ್ಥ ಆಗ್ತಿಲ್ಲ."

ಸೊಸೆ ತಲೆಯಾಡಿಸಿದಳು.

ಅತ್ತೆ ಕಣ್ಣು ಒರೆಸಿಕೊಂಡು, ಮೂಗು ಸೀಟಿಕೊಂಡು, ಚಮಚವನ್ನು ಸೊಸೆಯ ಕಡೆ ತೋರಿಸಿ ಎಚ್ಚರಿಸಿದರು. "ನೋಡೇ, ಈಗ ಇವರು ಹೇಳಿದ್ದು ನನ್ನದು. ಇದನ್ನೇನಾದ್ರೂ ಆ ಕಂಪ್ಯೂಟರಲ್ಲಿ ಬರೆದ್ಯೋ, ನಿನ್ನ ಕೈ ಮುರೀತೀನಿ."